ನಿಸ್ತಂತು ಸಂವೇದಕ ಜಾಲ ಮತ್ತು ಮರೆಗುಳಿ ಹಿರಿಯರ ಆರೈಕೆ

(ಸಂಘದ ವಾರ್ಷಿಕ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಇಂದಿನ ವಿಷಯದ ಹೆಸರು ಕೇಳಿದಾಗ ಇದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಆಡಬೇಕಾದ ಮಾತು, ನಮಗೇಕೆ ಎಂದು ಕೆಲವರಿಗೆ ಅನಿಸಬಹುದು. ಕಾರ್ಖಾನೆಗಳಲ್ಲಿ ಬಳಸುವ ನಿಸ್ತಂತು ಸಂವೇದಕ ಜಾಲ ಒಂದು ಕಡೆ, ಡಿಮೆನ್ಶಿಯಾ ಅಥವಾ ಮರೆಗುಳಿ ರೋಗ ತಗುಲಿದ ಹಿರಿಯರ ಆರೈಕೆ ಇನ್ನೊಂದು ಕಡೆ. ಇವೆರಡಕ್ಕೂ ಏನು ಸಂಬಂಧ? ಸಂಬಂಧ ಇದೆ, ಮತ್ತು ಅದು ನಮ್ಮ ಮನೆಯ ಅಂಗಳದವರೆಗೂ ಬಂದಿದೆ. ಮಕ್ಕಳು ಕೊಲ್ಲಿ ರಾಷ್ಟ್ರಗಳಲ್ಲಿ, ಬೆಂಗಳೂರಿನಲ್ಲಿ, ಮುಂಬೈಯಲ್ಲಿ. ಊರಿನ ಮನೆಯಲ್ಲಿ ವಯಸ್ಸಾದ ತಾಯಿ, ಜೊತೆಗೆ ಒಬ್ಬ ಸೊಸೆ ಅಥವಾ ಕೆಲಸದ ಹೆಂಗಸು. ಇಂತಹ ಮನೆಗಳು ನಮ್ಮ ಜಮಾಅತ್‌ಗಳಲ್ಲಿ ಎಷ್ಟಿವೆ ಎಂದು ತಮಗೇ ಗೊತ್ತು. ಆ ಮನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ನಾನು ಮಾತನಾಡುತ್ತೇನೆ.

ರೋಗದ ಸ್ವರೂಪ

ಮೊದಲು ರೋಗದ ಬಗ್ಗೆ ಎರಡು ಮಾತು. ಡಿಮೆನ್ಶಿಯಾ ಎಂಬುದು ಒಂದೇ ಕಾಯಿಲೆಯಲ್ಲ. ನೆನಪು, ಆಲೋಚನೆ, ಭಾಷೆ, ದಿನನಿತ್ಯದ ಕೆಲಸ ಮಾಡಿಕೊಳ್ಳುವ ಶಕ್ತಿ ಇವೆಲ್ಲ ಕುಂದುತ್ತಾ ಹೋಗುವ ಹಲವು ಕಾಯಿಲೆಗಳಿಗೆ ಇರುವ ಒಟ್ಟು ಹೆಸರು. ಅದರಲ್ಲಿ ಶೇಕಡಾ 60ರಿಂದ 70ರಷ್ಟು ಪಾಲು ಆಲ್ಝೈಮರ್ ಕಾಯಿಲೆಯದು. 1906ರಲ್ಲಿ ಜರ್ಮನಿಯ ವೈದ್ಯ ಆಲೋಯಿಸ್ ಆಲ್ಝೈಮರ್ ಇದನ್ನು ಮೊದಲು ವಿವರಿಸಿದರು. ಮೆದುಳಿನ ರಕ್ತನಾಳಗಳಿಗೆ ಹಾನಿಯಾಗಿ ಬರುವ ವಿಧವೂ ನಮ್ಮಲ್ಲಿ ಸಾಕಷ್ಟಿದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ 2021ರಲ್ಲಿ ಜಗತ್ತಿನಲ್ಲಿ 5 ಕೋಟಿ 70 ಲಕ್ಷ ಜನರಿಗೆ ಈ ರೋಗವಿತ್ತು. ಅವರಲ್ಲಿ ಶೇಕಡಾ 60ಕ್ಕಿಂತ ಹೆಚ್ಚು ಮಂದಿ ಬಡ ಮತ್ತು ಮಧ್ಯಮ ಆದಾಯದ ದೇಶಗಳವರು.

ನಮ್ಮ ದೇಶದಲ್ಲಿ ನಡೆದ ದೊಡ್ಡ ಅಧ್ಯಯನದ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಅದರಂತೆ 60 ದಾಟಿದವರಲ್ಲಿ ಶೇಕಡಾ 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಮರೆಗುಳಿ ರೋಗವಿದೆ. ಗಂಡಸರಿಗಿಂತ ಹೆಂಗಸರಲ್ಲಿ, ಪಟ್ಟಣಕ್ಕಿಂತ ಹಳ್ಳಿಯಲ್ಲಿ ಪ್ರಮಾಣ ಹೆಚ್ಚು. ಇದು ಶ್ರೀಮಂತ ದೇಶಗಳ ಕಾಯಿಲೆ ಎಂಬ ಭಾವನೆಯನ್ನು ನಾವು ಬಿಡಬೇಕು.

ರೋಗ ಶುರುವಾದದ್ದು ಮನೆಯವರಿಗೆ ಬೇಗ ತಿಳಿಯುವುದಿಲ್ಲ. ಇತ್ತೀಚಿನ ನೆನಪು ಮೊದಲು ಹೋಗುತ್ತದೆ, ಬಾಲ್ಯದಿಂದ ಬಾಯಿಪಾಠವಾದದ್ದು ಬಹಳ ಕಾಲ ಉಳಿಯುತ್ತದೆ. ಆದ್ದರಿಂದ ಅಜ್ಜಿ ಸೂರಃ ಫಾತಿಹಾವನ್ನು ಒಂದಕ್ಷರ ತಪ್ಪದೆ ಓದುತ್ತಾರೆ. ಆದರೆ ಈಗ ಎಷ್ಟನೇ ರಕಅತ್ ಎಂಬುದು ಅವರಿಗೆ ನೆನಪಾಗುವುದಿಲ್ಲ. ಒಮ್ಮೆ ಮಾಡಿದ ನಮಾಝನ್ನು ಮತ್ತೆ ಮಾಡುತ್ತಾರೆ. "ವಯಸ್ಸಾಯಿತಲ್ಲ, ಅರಳುಮರಳು" ಎಂದು ಮನೆಯವರು ಸುಮ್ಮನಾಗುತ್ತಾರೆ. ಕೆಲವರು ಗದರುತ್ತಾರೆ. ಮುಪ್ಪಿನ ತಂದೆತಾಯಿಯರ ಬಗ್ಗೆ ಬೇಸರದ ಒಂದು ಉದ್ಗಾರವೂ ಕೂಡದೆಂದು ಪವಿತ್ರ ಕುರ್‌ಆನ್ ತಾಕೀತು ಮಾಡಿದೆ. ತಿಳಿದಿದ್ದನ್ನೂ ಮರೆತುಬಿಡುವ ವಯಸ್ಸಿನ ಪ್ರಸ್ತಾಪವೂ ಅದರಲ್ಲಿದೆ. ಗದರುವ ಮುನ್ನ ಒಮ್ಮೆ ವೈದ್ಯರಿಗೆ ತೋರಿಸುವುದು ಆ ಆದೇಶವನ್ನು ಪಾಲಿಸುವ ಒಂದು ದಾರಿ ಎಂದು ನಾನು ತಿಳಿದಿದ್ದೇನೆ. ಏಕೆಂದರೆ ಥೈರಾಯ್ಡ್ ತೊಂದರೆ, ಬಿ12 ಜೀವಸತ್ವದ ಕೊರತೆ, ಖಿನ್ನತೆ, ಕೆಲವು ಮಾತ್ರೆಗಳ ಅಡ್ಡ ಪರಿಣಾಮ ಇವುಗಳಿಂದಲೂ ಮರೆವು ಬರುತ್ತದೆ. ಅವುಗಳಿಗೆ ಚಿಕಿತ್ಸೆ ಇದೆ.

ಕಾರ್ಖಾನೆಯಲ್ಲಿ ಕಲಿತ ಪಾಠ

ಈಗ ಕಾರ್ಖಾನೆಯ ಕಡೆಗೆ ಬರೋಣ. ಒಂದು ತೈಲ ಶುದ್ಧೀಕರಣ ಘಟಕವನ್ನು ಊಹಿಸಿಕೊಳ್ಳಿ. ಸಾವಿರಾರು ಕಡೆ ಉಷ್ಣತೆ, ಒತ್ತಡ, ಕಂಪನ ಅಳೆಯಬೇಕು. ಪ್ರತಿ ಅಳತೆಯ ಉಪಕರಣಕ್ಕೂ ತಂತಿ ಎಳೆಯುವುದು ಉಪಕರಣಕ್ಕಿಂತ ದುಬಾರಿ. ತಿರುಗುವ ಯಂತ್ರಕ್ಕೆ ತಂತಿ ಕಟ್ಟುವುದು ಸಾಧ್ಯವೂ ಇಲ್ಲ. ಹೀಗಾಗಿ ನಿಸ್ತಂತು ಸಂವೇದಕಗಳು ಬಂದವು. ಸಂವೇದಕ, ಚಿಕ್ಕದೊಂದು ಗಣಕ, ರೇಡಿಯೋ ಮತ್ತು ಬ್ಯಾಟರಿ ಈ ನಾಲ್ಕು ಸೇರಿ ಒಂದು ನೋಡ್. ನೋಡ್‌ಗಳು ಪರಸ್ಪರ ಸಂದೇಶ ದಾಟಿಸುತ್ತಾ ಹೋದರೆ ಅದು ಜಾಲ. 1990ರ ದಶಕದ ಕೊನೆಯಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಕ್ರಿಸ್ ಪಿಸ್ಟರ್ ಅವರು "ಸ್ಮಾರ್ಟ್ ಡಸ್ಟ್", ಅಂದರೆ ಧೂಳಿನ ಕಣದಷ್ಟು ಸಣ್ಣ ಸಂವೇದಕಗಳ ಕಲ್ಪನೆಯನ್ನು ಮುಂದಿಟ್ಟರು. 2003ರಲ್ಲಿ ಇಂತಹ ಕಡಿಮೆ ವಿದ್ಯುತ್ತಿನ ರೇಡಿಯೋಗಳಿಗೆ ಐಇಇಇ 802.15.4 ಎಂಬ ಮಾನದಂಡ ಬಂತು. 2007ರಲ್ಲಿ ಕೈಗಾರಿಕೆಗೆಂದೇ ವೈರ್‌ಲೆಸ್‌ಹಾರ್ಟ್ ರೂಪುಗೊಂಡು 2010ರಲ್ಲಿ ಅಂತಾರಾಷ್ಟ್ರೀಯ ಮಾನದಂಡವಾಯಿತು.

ಕಾರ್ಖಾನೆಯಲ್ಲಿ ರೇಡಿಯೋ ಕೆಲಸ ಮಾಡುವುದು ಕಷ್ಟ. ಎಲ್ಲೆಲ್ಲೂ ಕಬ್ಬಿಣ, ಅಲೆಗಳು ಬಡಿದು ಹಿಂತಿರುಗಿ ಒಂದರ ಮೇಲೊಂದು ಬಿದ್ದು ಅಳಿಸಿಹೋಗುತ್ತವೆ. ವೈಫೈ ಬಳಸುವ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲೇ ಇವೂ ಕೆಲಸ ಮಾಡಬೇಕು. ಆದರೂ ಅಪಾಯದ ಸೂಚನೆ ಒಂದೂ ತಪ್ಪಬಾರದು, ತಡವಾಗಲೂಬಾರದು. ಇಂಜಿನಿಯರುಗಳು ಇದಕ್ಕೆ ಕೆಲವು ಉಪಾಯಗಳನ್ನು ಕಂಡುಕೊಂಡರು. ಒಂದು, ಸಮಯದ ಹಂಚಿಕೆ. ವೈರ್‌ಲೆಸ್‌ಹಾರ್ಟ್‌ನಲ್ಲಿ ಕಾಲವನ್ನು 10 ಮಿಲಿಸೆಕೆಂಡಿನ ತುಂಡುಗಳಾಗಿ ಕತ್ತರಿಸಿದ್ದಾರೆ. ಯಾವ ತುಂಡಿನಲ್ಲಿ ಯಾರು ಮಾತನಾಡಬೇಕು, ಯಾರು ಕೇಳಬೇಕು ಎಂಬುದು ಮೊದಲೇ ಗೊತ್ತಿರುತ್ತದೆ. ಸಂದೇಶ ಮುಟ್ಟಿತು ಎಂಬ ಉತ್ತರವೂ ಅದೇ ತುಂಡಿನೊಳಗೆ ಬರುತ್ತದೆ. ಉಳಿದ ಸಮಯ ನೋಡ್ ನಿದ್ರಿಸುತ್ತದೆ, ಆದ್ದರಿಂದ ಬ್ಯಾಟರಿ ವರ್ಷಗಟ್ಟಲೆ ಬಾಳುತ್ತದೆ. ಎರಡು, ಚಾನೆಲ್ ಬದಲಾವಣೆ. ಪ್ರತಿ ಸಲವೂ ಬೇರೆ ಚಾನೆಲ್‌ನಲ್ಲಿ ಸಂದೇಶ ಕಳುಹಿಸುವುದರಿಂದ ಒಂದು ಚಾನೆಲ್ ಕೆಟ್ಟರೂ ಮುಂದಿನದು ಕೈಹಿಡಿಯುತ್ತದೆ. ಮೂರು, ಹಲವು ದಾರಿ. ಒಂದು ನೋಡ್ ಸತ್ತರೆ ಪಕ್ಕದ ನೋಡ್ ಮೂಲಕ ಸಂದೇಶ ಸಾಗುತ್ತದೆ.

ಇನ್ನೊಂದು ಬಹಳ ಮುಖ್ಯವಾದ ಶಿಸ್ತು ಇದೆ. ಕಾರ್ಖಾನೆಯಲ್ಲಿ ಮೌನವನ್ನು ಕ್ಷೇಮವೆಂದು ಭಾವಿಸುವುದಿಲ್ಲ. ಸಂವೇದಕದಿಂದ ನಿಗದಿತ ಹೊತ್ತಿಗೆ ಸುದ್ದಿ ಬರದಿದ್ದರೆ ಅದೂ ಒಂದು ಎಚ್ಚರಿಕೆಯೇ. ಊರಿನ ತಾಯಿಗೆ ವಾರಕ್ಕೊಮ್ಮೆ ಫೋನು ಮಾಡಿ, "ಏನೂ ಸುದ್ದಿಯಿಲ್ಲ, ಚೆನ್ನಾಗಿರಬೇಕು" ಎಂದುಕೊಳ್ಳುವ ನಾವು ಈ ಒಂದು ಪಾಠವನ್ನು ಯಾವ ಉಪಕರಣವೂ ಇಲ್ಲದೆ ಕಲಿಯಬಹುದು.

ಮನೆಗೆ ಬಂದ ಸಂವೇದಕ

ಈ ತಂತ್ರಜ್ಞಾನ ಮನೆಗೆ ಬಂದದ್ದು ಹೇಗೆ? ಯಂತ್ರದ ಕಂಪನವನ್ನು ದಿನವೂ ಅಳೆದು ಅದರ ಸಹಜ ಸ್ಥಿತಿಯನ್ನು ತಿಳಿದಿಟ್ಟುಕೊಂಡರೆ, ಬೇರಿಂಗ್ ಸವೆಯುವುದು ಮುರಿಯುವ ಮೊದಲೇ ಗೊತ್ತಾಗುತ್ತದೆ. ಮನುಷ್ಯನ ದಿನಚರಿಗೂ ಒಂದು ಲಯವಿದೆ. ಏಳುವ ಹೊತ್ತು, ಅಡುಗೆಮನೆಗೆ ಹೋಗುವ ಹೊತ್ತು, ರಾತ್ರಿ ಎಷ್ಟು ಸಲ ಬಚ್ಚಲಿಗೆ ಎದ್ದರು, ಮುಂಬಾಗಿಲು ಯಾವಾಗ ತೆರೆಯಿತು ಇವನ್ನು ಗಮನಿಸಿದರೆ ಬದಲಾವಣೆ ಬೇಗ ತಿಳಿಯಬಹುದು. ಅಮೆರಿಕದ ಆರೆಗನ್ ರಾಜ್ಯದಲ್ಲಿ ಜೆಫ್ರಿ ಕೇ ಅವರ ತಂಡ ವೃದ್ಧರ ಮನೆಗಳಲ್ಲಿ ಸಂವೇದಕ ಇಟ್ಟು ಅವರ ನಡಿಗೆಯ ವೇಗವನ್ನು ವರ್ಷಗಟ್ಟಲೆ ದಾಖಲಿಸಿತು. ನಡಿಗೆಯ ವೇಗದಲ್ಲಾಗುವ ಏರುಪೇರಿಗೂ ಮರೆವಿನ ಆರಂಭದ ಹಂತಕ್ಕೂ ನಂಟಿರುವುದು ಅಲ್ಲಿ ಕಂಡುಬಂತು.

ಇಂಗ್ಲೆಂಡಿನ ಸರ್ರೆಯಲ್ಲಿ 2016ರಿಂದ ನಡೆದ ಟಿಐಎಚ್‌ಎಂ ಎಂಬ ಯೋಜನೆಯಲ್ಲಿ ಡಿಮೆನ್ಶಿಯಾ ರೋಗಿಗಳ ಮನೆಗಳಲ್ಲಿ ಚಲನೆಯ ಸಂವೇದಕ, ಬಾಗಿಲ ಸಂವೇದಕ, ಹಾಸಿಗೆಯ ಕೆಳಗಿನ ಚಾಪೆ ಮುಂತಾದವನ್ನು ಅಳವಡಿಸಿದರು. ಅಲ್ಲಿ ಸಂಶೋಧಕರು ಹುಡುಕಿದ ಒಂದು ಸಂಗತಿ ಮೂತ್ರನಾಳದ ಸೋಂಕು. ಈ ರೋಗಿಗಳಿಗೆ ಸೋಂಕಾದರೆ ಉರಿ ಎಂದು ಬಾಯಿಬಿಟ್ಟು ಹೇಳಲಾಗುವುದಿಲ್ಲ. ಇದ್ದಕ್ಕಿದ್ದಂತೆ ಗೊಂದಲ ಹೆಚ್ಚುತ್ತದೆ, ಆಸ್ಪತ್ರೆಗೆ ಸೇರಿಸಬೇಕಾಗುತ್ತದೆ. ರಾತ್ರಿಯ ಓಡಾಟ ಹೆಚ್ಚಿದ್ದನ್ನು ನೋಡಿ ಇದನ್ನು ಬೇಗ ಊಹಿಸಬಹುದೇ ಎಂಬುದು ಅವರ ಪ್ರಶ್ನೆ. ಜಪಾನಿನ ಚಿಂತೆ ಬೇರೆ. ಅಲ್ಲಿ 2023ರಲ್ಲಿ ಡಿಮೆನ್ಶಿಯಾ ಇರುವ 19,000ಕ್ಕೂ ಹೆಚ್ಚು ಮಂದಿ ಕಾಣೆಯಾದರೆಂದು ಪೊಲೀಸರಿಗೆ ದೂರು ಬಂದಿತ್ತು. ಇರುಮಾ ಎಂಬ ಊರಿನ ಆಡಳಿತ 2016ರಲ್ಲಿ ಹಿರಿಯರ ಉಗುರಿಗೆ ಅಂಟಿಸುವ ಪುಟ್ಟ ಕ್ಯೂಆರ್ ಚೀಟಿಯನ್ನು ಜಾರಿಗೆ ತಂದಿತು. ದಾರಿ ತಪ್ಪಿದವರ ಉಗುರಿನ ಚೀಟಿಯನ್ನು ಓದಿದರೆ ಯಾರನ್ನು ಸಂಪರ್ಕಿಸಬೇಕೆಂದು ತಿಳಿಯುತ್ತದೆ. ಬ್ಯಾಟರಿ ಬೇಡ, ಜಾಲವೂ ಬೇಡ.

ಆದರೆ ಸತ್ಯದ ಇನ್ನೊಂದು ಮುಖವನ್ನೂ ಹೇಳಬೇಕು. ಇಂಗ್ಲೆಂಡಿನಲ್ಲೇ 495 ರೋಗಿಗಳ ಮೇಲೆ ಅಟಿಲಾ ಎಂಬ ದೊಡ್ಡ ಪರೀಕ್ಷೆ ನಡೆದು ಅದರ ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ಅರ್ಧ ಮಂದಿಗೆ ಅಗತ್ಯ ಪರಿಶೀಲಿಸಿ ಪೂರ್ಣ ಪ್ರಮಾಣದ ಉಪಕರಣಗಳನ್ನು ಕೊಟ್ಟರು, ಇನ್ನರ್ಧ ಮಂದಿಗೆ ಹೊಗೆಯ ಅಲಾರಂನಂತಹ ಮೂಲ ಸೌಕರ್ಯ ಮಾತ್ರ. ಎರಡು ವರ್ಷ ನೋಡಿದಾಗ, ಉಪಕರಣ ಪಡೆದವರು ಹೆಚ್ಚು ಕಾಲ ಮನೆಯಲ್ಲೇ ಉಳಿದರು ಎಂಬುದಕ್ಕೆ ಪುರಾವೆ ಸಿಗಲಿಲ್ಲ.

ಇದನ್ನು ಕೇಳಿ ತಂತ್ರಜ್ಞಾನವೇ ವ್ಯರ್ಥವೆಂದು ತೀರ್ಮಾನಿಸಬಾರದು, ಕಾರಣವನ್ನು ವಿಚಾರಿಸಬೇಕು. ನನಗೆ ತೋಚುವ ಒಂದು ಕಾರಣ ಇದು. ಕಾರ್ಖಾನೆಯ ಜಾಲದ ಕೊನೆಯಲ್ಲಿ ನಿಯಂತ್ರಣ ಕೊಠಡಿ ಇರುತ್ತದೆ. ಅಲ್ಲಿ ಪಾಳಿಯ ಮೇಲೆ ದಿನದ 24 ಗಂಟೆಯೂ ಜನ ಕೂತಿರುತ್ತಾರೆ. ಅಲಾರಂ ಬಡಿದರೆ ಎದ್ದು ಹೋಗಿ ಕವಾಟ ಮುಚ್ಚುವವನು ಇದ್ದಾನೆ. ಮನೆಯ ಜಾಲದ ಕೊನೆಯಲ್ಲಿ ಯಾರಿದ್ದಾರೆ? ಉಳ್ಳಾಲದಲ್ಲೋ ಭಟ್ಕಳದಲ್ಲೋ ಇರುವ ಮನೆಯ ಬಾಗಿಲು ನಡುರಾತ್ರಿ ತೆರೆದರೆ ಜುಬೈಲ್‌ನಲ್ಲಿರುವ ಮಗನ ಮೊಬೈಲ್ ಸದ್ದು ಮಾಡುತ್ತದೆ. ಅವನು ಗಾಬರಿಯಾಗಬಲ್ಲ, ಓಡಿಬರಲಾರ. ಸಂದೇಶ 10 ಮಿಲಿಸೆಕೆಂಡಿನಲ್ಲಿ ಮುಟ್ಟಿದರೂ ಮನುಷ್ಯ ಮುಟ್ಟುವುದು ಯಾವಾಗ? ಓಡಿಬರುವ ನೆರೆಯವರಿಲ್ಲದಿದ್ದರೆ ಉಳಿದ ಜಾಲವೆಲ್ಲ ಇದ್ದೂ ಪ್ರಯೋಜನವಿಲ್ಲ.

ನಮ್ಮ ಮನೆ, ನಮ್ಮ ಲಯ

ಇನ್ನೊಂದು ತೊಡಕು ನಮ್ಮ ಬದುಕಿನ ಕ್ರಮದ್ದು. ಈ ವ್ಯವಸ್ಥೆಗಳಲ್ಲಿ ಬಹುಪಾಲು ಒಂಟಿಯಾಗಿ ಅಥವಾ ದಂಪತಿಗಳಾಗಿ ಬಾಳುವ ಪಾಶ್ಚಾತ್ಯ ವೃದ್ಧರನ್ನು ಮನಸ್ಸಿನಲ್ಲಿಟ್ಟು ರೂಪಿಸಿದವು. ದೇಹದ ಶಾಖವನ್ನು ಗುರುತಿಸುವ ಚಲನೆಯ ಸಂವೇದಕಕ್ಕೆ ಅಜ್ಜಿ ಯಾರು, ಮೊಮ್ಮಗ ಯಾರು ಎಂದು ತಿಳಿಯದು. ಎಂಟು ಮಂದಿಯಿರುವ ಕೂಡುಕುಟುಂಬದಲ್ಲಿ ಅದು ದಿನವಿಡೀ ಚಲನೆಯನ್ನೇ ದಾಖಲಿಸುತ್ತದೆ. ನಮ್ಮ ಮನೆಯ ಲಯವೂ ಬೇರೆ. ತಹಜ್ಜುದ್‌ಗೆ ಏಳುವ ಅಜ್ಜಿ ಬೆಳಗಿನ ಜಾವಕ್ಕೂ ಮುನ್ನ ನಲ್ಲಿ ತಿರುಗಿಸುತ್ತಾರೆ. ಅದು ರೋಗಲಕ್ಷಣವಲ್ಲ, ಐವತ್ತು ವರ್ಷದ ಅಭ್ಯಾಸ. ರಮಝಾನ್ ಬಂದರೆ ಇಡೀ ಮನೆಯ ಗಡಿಯಾರವೇ ಬದಲಾಗುತ್ತದೆ. ಸಹರಿಗೆ ಒಲೆ ಹೊತ್ತುತ್ತದೆ, ಮಧ್ಯಾಹ್ನ ಅಡುಗೆಮನೆ ಮೌನ, ತರಾವೀಹ್ ಮುಗಿಸಿ ಮಲಗುವಾಗ ತಡರಾತ್ರಿ. ಬೇರೆ ದೇಶದ ದಿನಚರಿಯನ್ನು ಕಲಿತ ಗಣಕಕ್ಕೆ ಇಡೀ ತಿಂಗಳು ಅಪಾಯವಾಗಿಯೇ ಕಾಣಬಹುದು. ದಿನವೂ ಸುಳ್ಳು ಎಚ್ಚರಿಕೆ ಕೊಟ್ಟರೆ ಮೂರನೆಯ ದಿನ ಮನೆಯವರು ಅದನ್ನು ಆರಿಸಿಬಿಡುತ್ತಾರೆ. ಚಾಂದ್ರಮಾನ ಪಂಚಾಂಗ ಪ್ರತಿ ವರ್ಷ ಸುಮಾರು 11 ದಿನ ಹಿಂದೆ ಸರಿಯುವುದರಿಂದ ಕಳೆದ ವರ್ಷದ ತಾರೀಖನ್ನು ಈ ವರ್ಷ ಬಳಸಲೂ ಆಗದು.

ಮಳೆಗಾಲದ ವಿದ್ಯುತ್ ಕಡಿತ, ದಪ್ಪ ಮುರಕಲ್ಲಿನ ಗೋಡೆ ಇವೂ ಸೇರಿಕೊಳ್ಳುತ್ತವೆ. ನಮ್ಮ ದೇಶದಲ್ಲಿ ಪರವಾನಗಿ ಇಲ್ಲದೆ ಬಳಸಬಹುದಾದ 865ರಿಂದ 868 ಮೆಗಾಹರ್ಟ್ಸ್ ಪಟ್ಟಿಯ ಅಲೆಗಳು 2.4 ಗಿಗಾಹರ್ಟ್ಸ್‌ಗಿಂತ ಚೆನ್ನಾಗಿ ಗೋಡೆ ದಾಟುತ್ತವೆ. ಇಲ್ಲಿ ಕುಳಿತಿರುವ ಇಲೆಕ್ಟ್ರಾನಿಕ್ಸ್ ವಿದ್ಯಾರ್ಥಿಗಳೇ, ಅಂತಿಮ ವರ್ಷದ ಪ್ರಾಜೆಕ್ಟನ್ನು ಅಂಗಡಿಯಿಂದ ಕೊಂಡು ತರುವ ಬದಲು ಇದನ್ನು ಕೈಗೆತ್ತಿಕೊಳ್ಳಿ. ನಮ್ಮ ಮನೆಯ ಗೋಡೆಯಲ್ಲಿ ಯಾವ ಪಟ್ಟಿ ಎಷ್ಟು ಸಂದೇಶ ಕಳೆದುಕೊಳ್ಳುತ್ತದೆ ಎಂದು ಅಳೆಯಿರಿ. ರಮಝಾನಿನ ಲಯವನ್ನು ಅರಿಯುವ ತಂತ್ರಾಂಶ ಬರೆಯಿರಿ. ಅಜ್ಜಿಗೆ ಬ್ಯಾರಿಯಲ್ಲೋ ದಖ್ಖನಿಯಲ್ಲೋ ನವಾಯತಿಯಲ್ಲೋ "ಮಾತ್ರೆ ತೆಗೆದುಕೊಳ್ಳಿ" ಎಂದು ಹೇಳುವ ಪುಟ್ಟ ಪೆಟ್ಟಿಗೆ ಮಾಡಿ, ಧ್ವನಿ ಅವರ ಮೊಮ್ಮಗಳದ್ದೇ ಇರಲಿ.

ಯಾರು ನೋಡುತ್ತಿದ್ದಾರೆ?

ಈಗ ನನಗೆ ಎಲ್ಲಕ್ಕಿಂತ ಗಂಭೀರವಾಗಿ ಕಾಣುವ ವಿಷಯ. ಯಂತ್ರಕ್ಕೆ ಮಾನವಿಲ್ಲ, ಮನುಷ್ಯರಿಗಿದೆ. ತಾಯಿಯ ಕೋಣೆಯಲ್ಲಿ ಕ್ಯಾಮೆರಾ ಇಟ್ಟು ದುಬೈಯಿಂದ ನೋಡುವ ಮಗನ ಉದ್ದೇಶ ಪ್ರೀತಿಯೇ. ಆದರೆ ಜೀವನವಿಡೀ ಪರ್ದಾ ಪಾಲಿಸಿದ ಆ ತಾಯಿ ಬಟ್ಟೆ ಬದಲಿಸುವುದೂ ಆ ಕೋಣೆಯಲ್ಲೇ. ಆ ಚಿತ್ರ ಯಾವ ದೇಶದ ಯಾವ ಗಣಕದಲ್ಲಿ ಹೋಗಿ ಕೂರುತ್ತದೆ, ಅದನ್ನು ಯಾರು ತೆರೆಯಬಲ್ಲರು ಎಂದು ಮಗನಿಗೂ ಗೊತ್ತಿಲ್ಲ. ಇನ್ನೊಬ್ಬರ ಮನೆ ಹೊಗುವ ಮೊದಲು ಸಲಾಂ ಹೇಳಿ ಅನುಮತಿ ಕೇಳಬೇಕು, ವಿಶ್ರಾಂತಿಯ ಹೊತ್ತಿನಲ್ಲಿ ಮನೆಯ ಮಕ್ಕಳೂ ಕೇಳಿಯೇ ಒಳಬರಬೇಕು ಎಂದು ಕಲಿಸುವ ಧರ್ಮ ನಮ್ಮದು. ಆ ನಿಯಮ ಕ್ಯಾಮೆರಾಕ್ಕೂ ಅನ್ವಯಿಸಬೇಕಲ್ಲವೇ? ಬಾಗಿಲ ಸಂವೇದಕ ಬಾಗಿಲು ತೆರೆಯಿತೆಂದಷ್ಟೇ ಹೇಳುತ್ತದೆ. ಹಾಸಿಗೆಯ ಚಾಪೆ ಎದ್ದರೆಂದಷ್ಟೇ ಹೇಳುತ್ತದೆ. ಅಷ್ಟರಲ್ಲಿ ಕೆಲಸವಾಗುವುದಾದರೆ ಕ್ಯಾಮೆರಾ ಬೇಡ. ಬೇಕಾದಷ್ಟೇ ತಿಳಿಯುವುದು, ಹೆಚ್ಚು ತಿಳಿಯದಿರುವುದು ಉಪಕರಣ ಆರಿಸುವಾಗ ನಮ್ಮ ಮೊದಲ ಅಳತೆಗೋಲಾಗಲಿ.

ಅನುಮತಿಯನ್ನು ಯಾವಾಗ ಕೇಳಬೇಕು? ರೋಗದ ಆರಂಭದಲ್ಲಿ, ಅವರಿಗೆ ಇನ್ನೂ ಅರ್ಥವಾಗುವಾಗ. "ಉಮ್ಮಾ, ಬಾಗಿಲಿಗೆ ಇದನ್ನು ಹಾಕಲೇ? ರಾತ್ರಿ ನೀವು ಹೊರಗೆ ಹೋದರೆ ನಮಗೆ ಗೊತ್ತಾಗುತ್ತದೆ" ಎಂದು ಕೇಳಿದರೆ ಬಹುತೇಕ ತಾಯಂದಿರು ಒಪ್ಪುತ್ತಾರೆ. ಒಪ್ಪದಿದ್ದರೆ ಆ ಮಾತಿಗೂ ಬೆಲೆ ಇರಬೇಕು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಚಿಕಿತ್ಸೆಯ ಬಗ್ಗೆ ಮುಂಚಿತವಾಗಿ ಇಚ್ಛೆ ಬರೆದಿಡಲು, ತನ್ನ ಪ್ರತಿನಿಧಿಯನ್ನು ನೇಮಿಸಲು ಅವಕಾಶ ಕೊಟ್ಟಿದೆ. ವೈಯಕ್ತಿಕ ಮಾಹಿತಿಯ ರಕ್ಷಣೆಗೆ 2023ರಲ್ಲಿ ಕಾಯ್ದೆ ಬಂದಿದೆ. ಮನೆಯೊಳಗಿನ ಅದಬನ್ನು ಕಾಯ್ದೆ ಕಲಿಸಲಾರದು, ಅದನ್ನು ನಾವೇ ಪಾಲಿಸಬೇಕು.

ನಾವು ಮಾಡಬಹುದಾದದ್ದು

ಶಿಕ್ಷಣ ಸಂಸ್ಥೆಯೊಂದಕ್ಕೆ ಇದರಲ್ಲಿ ಏನು ಕೆಲಸ ಎಂದು ಕೇಳಬಹುದು. 2024ರಲ್ಲಿ ಲ್ಯಾನ್ಸೆಟ್ ಆಯೋಗ ಡಿಮೆನ್ಶಿಯಾಕ್ಕೆ ಕಾರಣವಾಗುವ, ಆದರೆ ತಡೆಯಬಹುದಾದ 14 ಅಂಶಗಳನ್ನು ಪಟ್ಟಿ ಮಾಡಿತು. ಇವನ್ನೆಲ್ಲ ಸರಿಪಡಿಸಿದರೆ ಸುಮಾರು ಶೇಕಡಾ 45ರಷ್ಟು ಪ್ರಕರಣಗಳನ್ನು ತಡೆಯಬಹುದು ಅಥವಾ ಮುಂದೂಡಬಹುದೆಂದು ಅದರ ಅಂದಾಜು. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಧೂಮಪಾನ, ಕಿವುಡುತನ, ದೃಷ್ಟಿದೋಷ, ಒಂಟಿತನ ಇವೆಲ್ಲ ಅದರಲ್ಲಿವೆ. ಬಾಲ್ಯದ ಅಂಶವಾಗಿ ಹೇಳಿರುವುದು ಶಿಕ್ಷಣದ ಕೊರತೆ. ಇಂದು 70 ದಾಟಿರುವ ನಮ್ಮ ತಾಯಂದಿರಲ್ಲಿ ಎಷ್ಟು ಮಂದಿಗೆ ಶಾಲೆಯ ಮೆಟ್ಟಿಲು ಹತ್ತುವ ಅವಕಾಶವಿತ್ತು? ಅವರ ಪಾಲಿಗೆ ಆ ಕಾಲ ಕಳೆದುಹೋಯಿತು. ಆದರೆ ಈ ಸಂಘ ಒಬ್ಬ ಬಾಲಕಿಯನ್ನು ಹತ್ತನೆಯ ತರಗತಿಗೆ ನಿಲ್ಲಿಸದೆ ಪದವಿಯವರೆಗೆ ಓದಿಸಿದರೆ, ಅದು ಅವಳ ಉದ್ಯೋಗಕ್ಕೆ ಮಾತ್ರವಲ್ಲ, 60 ವರ್ಷಗಳ ನಂತರದ ಅವಳ ನೆನಪಿಗೂ ಹಾಕಿದ ಬುನಾದಿ.

ಅಕ್ಷರ ಕಲಿಯದ ತಾಯಂದಿರಿಗೆ ಇನ್ನೊಂದು ಅನ್ಯಾಯವಾಗುತ್ತಿತ್ತು. ನೆನಪಿನ ಪರೀಕ್ಷೆಗಳಲ್ಲಿ "ಓದಿ, ಒಂದು ವಾಕ್ಯ ಬರೆಯಿರಿ" ಎಂದಿರುತ್ತದೆ. ಬರೆಯಲು ಬಾರದವರು ರೋಗವಿಲ್ಲದೆಯೂ ಅಂಕ ಕಳೆದುಕೊಳ್ಳುತ್ತಾರೆ. ಇದನ್ನು ಕಂಡೇ 1990ರ ದಶಕದಲ್ಲಿ ಹರಿಯಾಣದ ಬಲ್ಲಭಗಢದಲ್ಲಿ ಮೇರಿ ಗಂಗೂಲಿ ಮತ್ತು ಸಂಗಡಿಗರು ನಿರಕ್ಷರಿಗಳಿಗೂ ಒಪ್ಪುವ ಹಿಂದಿ ಪರೀಕ್ಷೆಯನ್ನು ರೂಪಿಸಿದರು. ಕನ್ನಡವೂ ಸೇರಿದಂತೆ ಕೆಲವು ಭಾರತೀಯ ಭಾಷೆಗಳಲ್ಲಿ ಐಸಿಎಂಆರ್ ಪರೀಕ್ಷಾ ಸಾಧನಗಳನ್ನು ಸಿದ್ಧಪಡಿಸಿದೆ. ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ ಬೆಂಗಳೂರಿನ ಮೆದುಳು ಸಂಶೋಧನಾ ಕೇಂದ್ರವು 45 ದಾಟಿದ ಹತ್ತು ಸಾವಿರ ಗ್ರಾಮೀಣ ಜನರನ್ನು ದೀರ್ಘಕಾಲ ಅಧ್ಯಯನ ಮಾಡುವ ಗುರಿ ಇಟ್ಟುಕೊಂಡಿದೆ. ಇಂತಹ ಅಧ್ಯಯನಗಳಿಗೆ ನಮ್ಮ ಹೆಣ್ಣುಮಕ್ಕಳು ಸಂಶೋಧಕರಾಗಿ ಹೋಗಬೇಕು. ಮನೆಯೊಳಗಿನ ತಾಯಂದಿರ ಮಾತನ್ನು ಅವರ ಭಾಷೆಯಲ್ಲೇ ಕೇಳಬಲ್ಲವರು ಅವರೇ.

ಮೂರು ಸಲಹೆಗಳನ್ನು ಸಭೆಯ ಮುಂದಿಡುತ್ತೇನೆ. ಮೊದಲನೆಯದು, ಪ್ರತಿ ಜಮಾಅತ್‌ನಲ್ಲಿ ಮರೆವಿನ ತೊಂದರೆಯಿರುವ ಹಿರಿಯರ ಮನೆಗೆ ಕರೆದರೆ ಹತ್ತು ನಿಮಿಷದಲ್ಲಿ ಹೋಗಬಲ್ಲ ಇಬ್ಬರು ನೆರೆಯವರ ಹೆಸರು ಗೊತ್ತುಮಾಡಿರಬೇಕು, ಅದರಲ್ಲಿ ಒಬ್ಬರು ಮಹಿಳೆ. ನಮ್ಮ ನಿಯಂತ್ರಣ ಕೊಠಡಿ ಇದೇ. ಎರಡನೆಯದು, ಸಂಘದ ವೈದ್ಯಕೀಯ ಶಿಬಿರದಲ್ಲಿ ರಕ್ತದೊತ್ತಡ, ಸಕ್ಕರೆಯ ಜೊತೆಗೆ ಕಿವಿ, ಕಣ್ಣು ಮತ್ತು ನೆನಪಿನ ತಪಾಸಣೆಯೂ ಇರಲಿ. ಮೂರನೆಯದು, ಆರೈಕೆ ಮಾಡುವವರಿಗೆ ಆಸರೆ. ಜಗತ್ತಿನಲ್ಲಿ ಮರೆಗುಳಿ ರೋಗಿಗಳ ಆರೈಕೆಯ ಗಂಟೆಗಳಲ್ಲಿ ಶೇಕಡಾ 70ರಷ್ಟು ಮಹಿಳೆಯರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ರಾತ್ರಿಯಿಡೀ ಅತ್ತೆಯ ಹಿಂದೆ ಓಡಾಡಿ ಬೆಳಗ್ಗೆ ಮಕ್ಕಳನ್ನು ಶಾಲೆಗೆ ಕಳುಹಿಸುವ ಸೊಸೆಗೆ ವಾರಕ್ಕೊಂದು ಮಧ್ಯಾಹ್ನ ಬಿಡುವು ಕೊಡುವ ವ್ಯವಸ್ಥೆಯನ್ನು ನಮ್ಮ ಮಹಿಳಾ ವಿಭಾಗ ಮಾಡಬಲ್ಲದು. ಮನಸ್ಸು ಸೋತಾಗ ಮಾತನಾಡಲು ಸರಕಾರದ ಟೆಲಿ ಮಾನಸ್ 14416, ಹಿರಿಯರ ಸಹಾಯವಾಣಿ 14567 ಇವೆ. ಈ ಸಂಖ್ಯೆಗಳನ್ನು ಮಸೀದಿಯ ಫಲಕದಲ್ಲಿ ಹಾಕಬಹುದು.

ಆತ್ಮೀಯರೇ, ಸಂವೇದಕ ಬಾಗಿಲು ತೆರೆದದ್ದನ್ನು ಹೇಳಬಲ್ಲದು, ಆ ಬಾಗಿಲಲ್ಲಿ ಹೊರಟವರ ಕೈ ಹಿಡಿದು ಮನೆಗೆ ಕರೆತರಲಾರದು. ಉಪಕರಣ ಮಾಡುವ ಜಾಣ್ಮೆಯೂ, ಕೈ ಹಿಡಿಯುವ ಸಹನೆಯೂ ಒಂದೇ ಮನೆಯಲ್ಲಿ ಬೆಳೆಯುವಂತೆ ನಮ್ಮ ಮಕ್ಕಳನ್ನು ಓದಿಸೋಣ. ನಮ್ಮ ಹೆಸರನ್ನೇ ಮರೆತ ತಾಯಿಯೂ ನಮ್ಮ ತಾಯಿಯೇ. ಅಲ್ಲಾಹನು ನಮ್ಮ ಹಿರಿಯರಿಗೆ ಆರೋಗ್ಯವನ್ನೂ ನಮಗೆ ಅವರ ಸೇವೆಯ ಭಾಗ್ಯವನ್ನೂ ಕರುಣಿಸಲಿ. ಆಮೀನ್.

ವಸ್ಸಲಾಂ.